ನರ್ತಕ ರಾಮಗೋಪಾಲರು

ಹಬ್ಬಹುಣ್ಣಿಮೆಗಳ ಕಾಲವು ಸಮೀಪಿಸಿತೆಂದರೆ ನಮ್ಮ ರವಿವಾರ ಪೇಟೆಯಲ್ಲಿ ಒಂದು ವಾದವು ತಪ್ಪದೆ ತಲೆಯೆತ್ತುತ್ತದೆ. ಓಣಿಯವರು ಕೂಡಿ ಕಟ್ಟಿದ ಒಂದೇ ರಂಗದ ಮೇಲೆ ಒಂದೇ ರಾತ್ರಿ ಭರತನಾಟ್ಯವೂ, ಡೊಳ್ಳಿನ ಕುಣಿತವೂ, ಲಾವಣಿಯೂ, ಗುಜರಾಥಿ ಗರಬಾವೂ ಆಗುವದು ಈಗ ಹೊಸ ಮಾತಲ್ಲ. ಜನರು ಬೆಲ್ಲಿ ಡಾನ್ಸ್ ಎಂದು ಕರೆಯುವ ಇಜಿಪ್ತ ದೇಶದ ಕಟಿನೃತ್ಯವು ಆ ಸಾಲಿನಲ್ಲಿ ಬಂದು ನಿಂತರೆ ಮಾತ್ರ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಹತ್ತು ವರ್ಷ ಗುರುಮುಖದಿಂದ ಕಲಿತ ವಿದ್ಯೆಯನ್ನು ನಮ್ಮ ಮಗಳು ಇಂಥ ಸಂತೆಯಲ್ಲಿ ತೋರಿಸಬೇಕೆ ಎಂದು ಒಬ್ಬರು ಕೇಳುತ್ತಾರೆ. ತೋರಿಸಿದರೆ ಏನು ಮುಳುಗಿಹೋಯಿತು ಎಂದು ಇನ್ನೊಬ್ಬರು ಕೇಳುತ್ತಾರೆ. ಈ ಪ್ರಶ್ನೆಯನ್ನು ಬಿಡಿಸುವದರಲ್ಲಿಯೇ ತಮ್ಮ ಆಯುಷ್ಯವನ್ನು ಸವೆಯಿಸಿದ ಪುರುಷರೊಬ್ಬರು ಕನ್ನಡ ನಾಡಿನಲ್ಲಿ ಹುಟ್ಟಿದ್ದರು. ಅವರೇ ಬೆಂಗಳೂರಿನ ರಾಮಗೋಪಾಲರು. ಅವರು ಕಾಲವಾಗಿ ಎರಡು ದಶಕಗಳು ಮೀರಿದವು. ಅವರು ಮೆರೆದ ಕಾಲವಂತೂ ಮುಕ್ಕಾಲು ಶತಮಾನದ ಹಿಂದಿನದು. ಅವರ ಹೆಸರನ್ನು ಲಂಡನ್ನಿನ ಮುದುಕರು ನೆನೆದಷ್ಟು ನಮ್ಮವರು ನೆನೆಯುವದಿಲ್ಲವೆಂಬುದೇ ಈ ಲೇಖವನ್ನು ಬರೆಯಲು ನಮಗೆ ಕಾರಣವಾಗಿದೆ.

ಅವರ ಚರಿತ್ರೆಯು ಅರ್ಥವಾಗಬೇಕಾದರೆ ಅವರು ಹುಟ್ಟುವದಕ್ಕೆ ಹತ್ತೊಂಬತ್ತು ವರ್ಷ ಮೊದಲಿನ ಒಂದು ಸಂಗತಿಯನ್ನು ಹೇಳಬೇಕು. 1892ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಸ್ವಾಮಿ ವಿವೇಕಾನಂದರು ನಮ್ಮ ಬೆಳಗಾವಿಗೆ ಬಂದು ಮೊದಲು ಭಾಟೆಯವರ ಮನೆಯಲ್ಲಿಯೂ ಅನಂತರ ಅರಣ್ಯಾಧಿಕಾರಿ ಹರಿಪದ ಮಿತ್ರರಲ್ಲಿಯೂ ತಂಗಿದ್ದುದನ್ನು ವಾಚಕರು ಬಲ್ಲರು. ಮರುವರ್ಷ ಸ್ವಾಮಿಗಳು ಶಿಕಾಗೋ ನಗರದ ಸರ್ವಧರ್ಮ ಪರಿಷತ್ತಿನಲ್ಲಿ ನಿಂತು ಹಿಂದೂಧರ್ಮಕ್ಕೆ ಮಾನವನ್ನು ತಂದರು. ಆದರೆ ಅದೇ ವರ್ಷ, ಅದೇ ನಗರದಲ್ಲಿ, ಅದೇ ಮಹಾ ಪ್ರದರ್ಶನದ ಇನ್ನೊಂದು ಮಗ್ಗುಲಲ್ಲಿ ಕೈರೋ ನಗರದ ಬೀದಿಯೆಂಬ ಹೆಸರಿನ ಒಂದು ಕೃತಕ ಪೇಟೆಯನ್ನು ಕಟ್ಟಿ, ಇಜಿಪ್ತದ ಹೆಂಗಸರನ್ನು ಕರೆತಂದು, ಕಾಸು ಪಡೆದು ಅವರ ಕುಣಿತವನ್ನು ತೋರಿಸುತ್ತಿದ್ದರು. ಮದುವೆಮನೆಯಲ್ಲಿ ಅಕ್ಕತಂಗಿಯರು ಕೂಡಿ ಕುಣಿಯುವ ಕುಣಿತವದು. ಕೈರೋದಲ್ಲಿ ಅದಕ್ಕೆ ತನ್ನದೇ ಆದ ವಾದ್ಯಗಳೂ ತಾಳಗಳೂ ವೃತ್ತಿಯವರ ಮನೆತನಗಳೂ ಇದ್ದವು. ಶಿಕಾಗೋದ ಡೇರೆಯಲ್ಲಿ ಅದಕ್ಕೆ ಉಳಿದದ್ದು ಹೊಟ್ಟೆಯ ಹೆಸರು ಮಾತ್ರ. ನೋಡಿದವರು ಕದ್ದು ನೋಡಿ ಬಹಿರಂಗವಾಗಿ ಬೈದರು. ಅಂದಿನಿಂದ ಮುಂದೆ ಅನೇಕ ವರ್ಷಗಳವರೆಗೆ ಪಶ್ಚಿಮದ ಪ್ರೇಕ್ಷಕನ ಮನಸ್ಸಿನಲ್ಲಿ ಪೂರ್ವದೇಶದ ನೃತ್ಯವೆಂದರೆ ಇದೇ ಒಂದು ಮುದ್ದೆ: ಇಜಿಪ್ತ, ತುರ್ಕಸ್ಥಾನ, ಹಿಂದುಸ್ಥಾನ, ಜಾವಾ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿದವು.

ಇತ್ತ ನಮ್ಮ ಮನೆಯ ಸ್ಥಿತಿಯೂ ಹೊಗಳುವಂಥದ್ದಾಗಿರಲಿಲ್ಲ. ಅದೇ 1893ರಲ್ಲಿ ಮದ್ರಾಸಿನ ಸುಧಾರಕರು ದೇವದಾಸಿಯರ ನೃತ್ಯವಿದ್ದಲ್ಲಿ ಸರಕಾರದ ಅಧಿಕಾರಿಗಳು ಕಾಲಿಡಬಾರದೆಂದು ವೈಸರಾಯರಿಗೂ ಗವರ್ನರರಿಗೂ ಅರ್ಜಿ ಕೊಟ್ಟರು. 1909ರಲ್ಲಿ ಮೈಸೂರ ಸಂಸ್ಥಾನವು ಗುಡಿಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಬೆಳಗಾವಿ ಜಿಲ್ಲೆಗೆ 1934ರ ಕಾಯದೆಯು ಅನ್ವಯವಾಯಿತು. ಸವದತ್ತಿಯ ಗುಡ್ಡವು ನಮ್ಮ ಜಿಲ್ಲೆಯಲ್ಲಿಯೇ ಇರುವದರಿಂದ ಆ ಕಾಯದೆಯ ಅವಶ್ಯಕತೆಯನ್ನು ನಮಗೆ ಯಾರೂ ಬೋಧಿಸಬೇಕಾಗಿಲ್ಲ. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯು ಅಳಿಯತಕ್ಕದ್ದೇ ಆಗಿತ್ತು. ಆದರೆ ಪದ್ಧತಿಯೊಡನೆ ವಿದ್ಯೆಯನ್ನೂ ತಿಪ್ಪೆಗೆ ಸುರಿಯುವ ಆತುರವು ನಮ್ಮ ಸುಶಿಕ್ಷಿತರಲ್ಲಿ ಕಂಡುಬಂದಿತು. ಇಜಿಪ್ತದಲ್ಲಿಯೂ 1834ರಲ್ಲಿ ಮಹಮ್ಮದ ಅಲಿಯು ಕೈರೋದ ನರ್ತಕಿಯರನ್ನು ಹಿಡಿದು ದಕ್ಷಿಣದ ಊರುಗಳಿಗೆ ಅಟ್ಟಿದ್ದನು; ವಿದ್ಯೆಯು ಹೊರದೇಶದವರ ಕೈಗೆ ಸಿಕ್ಕು ಡೇರೆಯ ಆಟವಾಗುವದಕ್ಕೆ ಇಂಥ ತಿರಸ್ಕಾರವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಇಂಥ ಕಾಲದಲ್ಲಿ, 1912ನೆಯ ಇಸವಿಯಲ್ಲಿ, ರಾಮಗೋಪಾಲರು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ರಜಪೂತ ಮನೆತನದ ಬ್ಯಾರಿಸ್ಟರರು, ತಾಯಿ ಬ್ರಹ್ಮದೇಶದವರು. ಮಗನು ನ್ಯಾಯಶಾಸ್ತ್ರವನ್ನು ಓದಿ ತಮ್ಮಂತೆ ಕೋರ್ಟಿಗೆ ಹೋಗಬೇಕೆಂದು ತಂದೆಯ ಇಚ್ಛೆಯಿದ್ದುದು ಸಹಜವಾಗಿಯೇ ಇತ್ತು. ಗಂಡುಮಗನು ಕಾಲಿಗೆ ಗೆಜ್ಜೆ ಕಟ್ಟುವದೆಂದರೆ ಅಂದಿನ ಪ್ರತಿಷ್ಠಿತ ಮನೆಯಲ್ಲಿ ಅದು ಹಾಸ್ಯದ ಮಾತೂ ಆಗಿರಲಿಲ್ಲ, ಅವಮಾನದ ಮಾತಾಗಿತ್ತು. ಹುಡುಗನ ದೈವವು ಚೆನ್ನಾಗಿದ್ದಿತು. ಮೈಸೂರ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರು ಅವನ ಕುಣಿತವನ್ನು ಕಂಡು ಮೆಚ್ಚಿ, ಬೆನ್ನು ಚಪ್ಪರಿಸಿ, ಮನೆಯವರ ಕೋಪಕ್ಕೆ ಅಡ್ಡವಾಗಿ ನಿಂತರು. ಅರಮನೆಯ ಮೆಚ್ಚಿಗೆಯ ಮುಂದೆ ಬ್ಯಾರಿಸ್ಟರರ ವಾದವು ಎಷ್ಟು ಹೊತ್ತು ನಡೆದೀತು? ಸಂಸ್ಥಾನಿಕರ ವಿಷಯದಲ್ಲಿ ಕಟುವಾಗಿ ಬರೆಯುವದು ನಮ್ಮಂಥ ಪತ್ರಗಳ ಹಳೆಯ ರೂಢಿ. ಆದರೆ ಈ ಯುವರಾಜರಿಗೆ ಸಲ್ಲತಕ್ಕ ಕೀರ್ತಿಯನ್ನು ಸಲ್ಲಿಸದೆ ಇರಲಾಗದು.

ಅದೇ ಮೈಸೂರಲ್ಲಿ ಆಗ ಇನ್ನೊಂದು ಸೋಜಿಗವು ಸದ್ದಿಲ್ಲದೆ ನಡೆದಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅರಮನೆಯ ಕುಸ್ತಿಪಟುವಿನ ಮಗಳಾದ ಜಟ್ಟಿ ತಾಯಮ್ಮನವರು, 1857ರಲ್ಲಿ ಹುಟ್ಟಿದವರು, ಎಪ್ಪತ್ತು ದಾಟಿದ ಮುಪ್ಪಿನಲ್ಲಿಯೂ ಅಭಿನಯವನ್ನು ಕಲಿಸುತ್ತಿದ್ದರು. ಅವರ ಮುಂದೆ ಕೂತು ಕಲಿತವರಲ್ಲಿ ಕಡೂರು ಸೀಮೆಯ ಲಂಬಾಣಿ ಹುಡುಗಿ ವೆಂಕಟಲಕ್ಷಮ್ಮನಿದ್ದಳು. ಅಮೇರಿಕದಿಂದ ಬಂದು ರಾಗಿಣಿದೇವಿಯೆಂದು ಹೆಸರಿಟ್ಟುಕೊಂಡ ಬಿಳಿಯ ಹೆಂಗಸೂ ಇದ್ದಳು. ಲಂಬಾಣಿಯ ಮಗಳು ಮುಂದೆ ಅರಮನೆಯ ನರ್ತಕಿಯಾಗಿ, ಮೈಸೂರ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿ, 1992ರಲ್ಲಿ ಪದ್ಮಭೂಷಣರಾದರು. ಕುಲವನ್ನೂ ದೇಶವನ್ನೂ ಕೇಳದೆ ಕಲಿಸಿದ ಆ ವೃದ್ಧೆಯ ಊರು ಇದೆಂಬುದನ್ನು ನೆನೆದರೆ, ಬ್ರಹ್ಮದೇಶದ ತಾಯಿಯ ಮಗನೊಬ್ಬನು ನಮ್ಮ ನೃತ್ಯಕ್ಕೆ ಹೇಗೆ ವಾರಸುದಾರನಾದನೆಂದು ಆಶ್ಚರ್ಯಪಡಬೇಕಾದುದಿಲ್ಲ.

ರಾಮಗೋಪಾಲರು ಮೊದಲು ಮಲೆಯಾಳಕ್ಕೆ ಹೋದರು. 1930ರಲ್ಲಿ ಕವಿ ವಳ್ಳತ್ತೋಳರು ಸ್ಥಾಪಿಸಿದ ಕೇರಳ ಕಲಾಮಂಡಲದ ಕುಂಜು ಕುರುಪ್ಪರಲ್ಲಿ ಕಥಕಳಿಯನ್ನು ಅಭ್ಯಾಸಮಾಡಿದರು. ಕಥಕಳಿಯ ಅಭ್ಯಾಸವೆಂದರೆ ಸುಲಭದ್ದಲ್ಲ: ಬೆಳಗಿನ ಜಾವದಲ್ಲಿ ಎದ್ದು ಎಣ್ಣೆ ಹಚ್ಚಿಕೊಂಡು ಮೈಯನ್ನು ಗುರುವಿನ ಪಾದಗಳಿಂದ ತುಳಿಸಿಕೊಳ್ಳುವದರಿಂದ ಆರಂಭವಾಗಿ, ಕಣ್ಣಿನ ಗುಡ್ಡೆಗಳನ್ನು ಕೂಡ ತಾಳಕ್ಕೆ ತಿರುಗಿಸುವ ಸಾಧನೆಯದು. ಅನಂತರ ತಂಜಾವೂರ ಸೀಮೆಯ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ ಪದತಲದಲ್ಲಿ ಭರತನಾಟ್ಯವನ್ನು ಕಲಿತರು. ಪಿಳ್ಳೆಯವರಾದರೋ ತಲೆತಲಾಂತರದಿಂದ ದೇವದಾಸಿಯರಿಗೆ ಕಲಿಸಿದ ನಟ್ಟುವರ ವಂಶದವರು. ಅಂಥವರು ಒಬ್ಬ ಗಂಡುಮಗನಿಗೆ, ಅದೂ ಪರಭಾಷೆಯವನಿಗೆ, ವಿದ್ಯೆಯನ್ನು ಕೊಟ್ಟದ್ದು ಸಣ್ಣ ಮಾತಲ್ಲ. ಉತ್ತರದ ಕಥಕ್ಕನ್ನೂ ಅವರು ಬಿಡಲಿಲ್ಲ. ಹೀಗೆ ಮೂರು ದಿಕ್ಕಿನ ವಿದ್ಯೆಗಳು ಒಂದೇ ಶರೀರದಲ್ಲಿ ಸೇರಿದರೂ ಅವರು ಅವುಗಳನ್ನು ಕಲಸಿ ಒಂದು ಮಾಡಲಿಲ್ಲ. ಕಥಕಳಿಯನ್ನು ಕಥಕಳಿಯಾಗಿಯೂ, ಭರತನಾಟ್ಯವನ್ನು ಭರತನಾಟ್ಯವಾಗಿಯೂ ಬೇರೆಬೇರೆಯಾಗಿ ತೋರಿಸುವದೇ ಅವರ ಪದ್ಧತಿಯಾಯಿತು. ಅದೇ ಕಾಲದಲ್ಲಿ ಯುರೋಪವನ್ನು ಗೆದ್ದ ಉದಯಶಂಕರರು ಹಲವು ಶೈಲಿಗಳ ಸಾರದಿಂದ ತಮ್ಮದೇ ಒಂದು ಹೊಸ ಶೈಲಿಯನ್ನು ಕಟ್ಟಿದರು. ಇಬ್ಬರ ದಾರಿಯೂ ಬೇರೆ. ನಾವು ಶಂಕರರನ್ನು ಕಡಿಮೆಮಾಡುವದಿಲ್ಲ. ಆದರೆ ಗುರುವಿನ ಹೆಸರು ಹೇಳಿ, ಕಲಿತದ್ದನ್ನು ಕಲಿತ ಹಾಗೆ ಪರದೇಶದವರ ಮುಂದೆ ಇಡುವ ಧೈರ್ಯವು ರಾಮಗೋಪಾಲರದು.

1936-37ರ ಸುಮಾರಿಗೆ ಲಾ ಮೇರಿಯೆಂಬ ಅಮೇರಿಕನ್ ನರ್ತಕಿಯು ಹಿಂದುಸ್ಥಾನಕ್ಕೆ ಬಂದಳು. ಈ ಹೆಂಗಸು ದೇಶದೇಶಗಳನ್ನು ತಿರುಗಿ ಸ್ಪೇನದ, ಅರಬರ, ಜಪಾನದ, ನಮ್ಮ ದೇಶದ ನೃತ್ಯಗಳನ್ನು ಆಯಾ ನೆಲದಲ್ಲಿಯೇ ಕಲಿತು ಒಂದೇ ಸಂಜೆಯಲ್ಲಿ ಸಾಲಾಗಿ ತೋರಿಸುತ್ತಿದ್ದಳು. ಮುಂದೆ 1944ರಲ್ಲಿ ಪಶ್ಚಿಮದ ಹಂಸಸರೋವರದ ಕಥೆಯನ್ನು ಭರತನಾಟ್ಯದ ಮುದ್ರೆಗಳಲ್ಲಿ ಆಡಿ ತೋರಿಸಿದವಳೂ ಇವಳೇ. ಅವಳು ರಾಮಗೋಪಾಲರನ್ನು ತನ್ನ ಜೊತೆಗಾರನನ್ನಾಗಿ ಕರೆದುಕೊಂಡು ಬ್ರಹ್ಮದೇಶ, ಮಲಾಯಾಗಳ ಮಾರ್ಗವಾಗಿ ಪೂರ್ವಕ್ಕೆ ಹೊರಟಳು. ಜಪಾನವನ್ನು ಮುಟ್ಟುವ ಹೊತ್ತಿಗೆ ಇಬ್ಬರಿಗೂ ಒಗ್ಗದೆ ಅವರು ಬೇರೆಯಾದರು. ಪರದೇಶದಲ್ಲಿ ಒಂಟಿಯಾಗಿ ನಿಂತ ತರುಣನು ಮನೆಗೆ ಮರಳುವ ಹಡಗನ್ನು ಹುಡುಕಬೇಕಾಗಿತ್ತು; ಅವನು ಅಮೇರಿಕದ ಕಡೆಗೆ ಮುಖಮಾಡಿದನು. ಪೋಲಂಡದ ಪತ್ರಕರ್ತ ಅಲೆಕ್ಸಾಂಡರ್ ಯಾಂತಾ ಎಂಬವರು ಅವರ ಪಾಲಿಗೆ ಒದಗಿದರು. 1938ರಲ್ಲಿ ನ್ಯೂಯಾರ್ಕ, ವಾರ್ಸಾ, ಪ್ಯಾರಿಸ. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ನಾಟಕಗೃಹ. ಅಲ್ಲಿಯ ಪತ್ರಗಳು ಅವರನ್ನು ಭಾರತದ ನಿಜಿನ್ಸ್ಕಿಯೆಂದು ಕರೆದವು. ಹೊಗಳಿಕೆಯೆಂದೇ ಹೇಳಿದ ಮಾತಾದರೂ ನಮಗೆ ಅದು ಅಷ್ಟಾಗಿ ರುಚಿಸುವದಿಲ್ಲ. ರಶಿಯದ ನರ್ತಕನ ಅಳತೆಗೋಲಿನಿಂದ ಅಳೆದಲ್ಲದೆ ನಮ್ಮವನ ಎತ್ತರವು ತಿಳಿಯಲಾರದೆ? ಅದೇ ಸಪ್ಟಂಬರದಲ್ಲಿ ಮಹಾಯುದ್ಧವು ಸಿಡಿದುದರಿಂದ ಅವರು ಸ್ವದೇಶಕ್ಕೆ ಮರಳಿದರು.

ಯುದ್ಧದ ವರ್ಷಗಳನ್ನು ಅವರು ಈ ದೇಶದಲ್ಲಿ ಕಳೆದರು. ಬೆಂಗಳೂರಿನಲ್ಲಿ ಶಾಲೆಯನ್ನು ನಡೆಯಿಸಿದರು. ಊರೂರು ತಿರುಗಿ ಕುಣಿದರು. ಸೈನಿಕರ ಮುಂದೆಯೂ ಕುಣಿದರು. ಮೃಣಾಲಿನಿಯವರು ಬೆಂಗಳೂರಿನಲ್ಲಿ ಅವರ ಜೊತೆಯಲ್ಲಿ ನರ್ತಿಸಿದ್ದು ಆಗಲೇ. ಸರ್ ಸಿ. ವಿ. ರಾಮನ್ನರ ಹತ್ತಿರ ಸಂಶೋಧನೆಗೆಂದು ಬಂದಿದ್ದ ವಿಕ್ರಮ ಸಾರಾಭಾಯಿಯವರು 1942ರಲ್ಲಿ ಆ ಮೃಣಾಲಿನಿಯವರನ್ನು ಮದುವೆಯಾದರು. ತಾರಾ ಚೌಧರಿಯವರು, ಎಂ. ಕೆ. ಸರೋಜಾ ಅವರು ಇವರ ತಂಡದಲ್ಲಿ ನರ್ತಿಸಿದವರೇ. ಪ್ರಸಿದ್ಧ ಛಾಯಾಚಿತ್ರಕಾರ ಕಾರ್ತಿಯೆ ಬ್ರೆಸ್ಸೋನರ ಹೆಂಡತಿಯೂ ಜಾವಾ ದ್ವೀಪದವರೂ ಆದ ರತ್ನ ಮೋಹಿನಿಯವರೂ ಅವರ ತಂಡದಲ್ಲಿ ಕುಣಿದಿದ್ದರು. ಪಂಜಾಬ, ಮದ್ರಾಸ, ಮಲೆಯಾಳ, ಜಾವಾ ಎಲ್ಲವೂ ಒಂದು ತಂಡದಲ್ಲಿ ಸೇರಿದ್ದನ್ನು ಅಂದಿನವರು ವಿಶೇಷವೆಂದು ಎಣಿಸಿದಂತೆಯೇ ತೋರುವದಿಲ್ಲ.

ಈಗ 1948ನೆಯ ಇಸವಿಯ ಶರತ್ಕಾಲಕ್ಕೆ ಬರೋಣ. ನ್ಯೂಯಾರ್ಕ ಮಹಾನಗರದ ಐದು ಭಾಗಗಳು 1898ರಲ್ಲಿ ಒಂದುಗೂಡಿ ಐವತ್ತು ವರ್ಷಗಳಾದುದರಿಂದ ಆ ನಗರವು ಸುವರ್ಣ ಮಹೋತ್ಸವವನ್ನು ಆಚರಿಸಿತು. ಅದರ ಅಂಗವಾಗಿ ಒಂದು ಅಂತರರಾಷ್ಟ್ರೀಯ ನೃತ್ಯೋತ್ಸವವು ಏರ್ಪಟ್ಟಿತು. ಪ್ಯಾರಿಸದ ಒಪೇರಾದ ಬ್ಯಾಲೆ ತಂಡವು ಸೆರ್ಜ್ ಲಿಫಾರರ ನಾಯಕತ್ವದಲ್ಲಿ ಬಂದಿತು. ಅಮೇರಿಕದ ಹೊಸ ನೃತ್ಯದ ಪರವಾಗಿ ಚಾರ್ಲ್ಸ್ ವೈಡ್‌ಮನ್ನರು ನಿಂತರು. ಹಿಂದುಸ್ಥಾನದ ಪರವಾಗಿ ನಿಂತವರು ಬೆಂಗಳೂರಿನ ರಾಮಗೋಪಾಲರು. ಸ್ವಾತಂತ್ರ್ಯವು ಬಂದು ಆಗಿನ್ನೂ ಒಂದು ವರ್ಷ ಕಳೆದಿತ್ತು. ಮಹಾತ್ಮರು ಆ ಜನವರಿಯಲ್ಲಿಯೇ ಹತರಾಗಿದ್ದರು. ಇತ್ತ ಹೈದರಾಬಾದಿನ ಪೋಲೀಸ ಕಾರ್ಯಾಚರಣೆಯು ಸಪ್ಟಂಬರದಲ್ಲಿ ಆಗಷ್ಟೇ ಮುಗಿದಿತ್ತು. ಇಂಥ ಗದ್ದಲದಲ್ಲಿ ನ್ಯೂಯಾರ್ಕದ ಒಂದು ರಂಗದ ಮೇಲೆ ಮೃದಂಗವು ನುಡಿದುದನ್ನು ನಮ್ಮ ಕಡೆಯ ಜನರು ಎಷ್ಟು ಮಂದಿ ಕೇಳಿರಬಹುದು!

ಆ ಉತ್ಸವದ ಸ್ಥಳವೂ ಗಮನಿಸತಕ್ಕದ್ದಾಗಿದೆ. ಸಿಟಿ ಸೆಂಟರೆಂದು ಕರೆಯುವ ಆ ನಾಟಕಗೃಹವನ್ನು 1920ರ ದಶಕದಲ್ಲಿ ಒಂದು ಭ್ರಾತೃಸಂಘದವರು ಮೆಕ್ಕಾ ಟೆಂಪಲ್ ಎಂಬ ಹೆಸರಿನಿಂದ ಕಟ್ಟಿಸಿದ್ದರು. ಮೇಲೆ ಮಸೀದಿಯಂಥ ಗುಮ್ಮಟ, ಒಳಗೆ ಮೂರರ ಶೈಲಿಯ ಕಮಾನು ಬಣ್ಣಗಳು. ಅವರಾರೂ ಮುಸಲ್ಮಾನರಲ್ಲ, ಪೂರ್ವದೇಶದ ವೇಷವನ್ನು ವಿನೋದಕ್ಕಾಗಿ ತೊಟ್ಟವರು. 1943ರಲ್ಲಿ ನಗರಸಭೆಯು ಅದನ್ನು ಸಾಮಾನ್ಯ ಜನರು ಕಡಿಮೆ ದರದಲ್ಲಿ ಬಂದು ನೋಡುವ ಕಲಾಮಂದಿರವನ್ನಾಗಿ ಮಾಡಿತು. ಶಿಕಾಗೋದ ಕೃತಕ ಕೈರೋ ಬೀದಿಯ ಐವತ್ತೈದು ವರ್ಷಗಳ ತರುವಾಯ, ಇನ್ನೊಂದು ಕೃತಕ ಪೂರ್ವದೇಶದ ಗುಮ್ಮಟದ ಕೆಳಗೆ, ನಿಜವಾದ ಪೂರ್ವದೇಶದ ನರ್ತಕನೊಬ್ಬನು ಡೇರೆಯ ತಮಾಷೆಯಾಗಿ ಅಲ್ಲ, ಪ್ಯಾರಿಸದ ಒಪೇರಾದ ಸರಿಸಮನಾಗಿ ನಿಂತನು. ಆ ಒಪೇರಾದವರ ಪಾಡೇ ಅಲ್ಲಿ ಕಷ್ಟದ್ದಾಯಿತು. ಜರ್ಮನರು ಪ್ಯಾರಿಸನ್ನು ಆಳಿದ ಕಾಲದಲ್ಲಿ ಲಿಫಾರರು ಅವರೊಡನೆ ಹೊಂದಿಕೊಂಡಿದ್ದರೆಂಬ ಆರೋಪದಿಂದ ನಾಟಕಗೃಹದ ಹೊರಗೆ ಜನರು ಪ್ರತಿಭಟಿಸಿದರು. ಕಲೆಯ ಉತ್ಸವವು ಜಗತ್ತಿನ ಜಗಳಗಳಿಂದ ಹೊರಗಿರುತ್ತದೆಂದು ಹೇಳುವವರು ಇದನ್ನು ನೆನಪಿನಲ್ಲಿಡಬೇಕು.

ಡೇರೆಗೂ ರಂಗಕ್ಕೂ ಇರುವ ಭೇದವು ಯಾವದು? ಕುಣಿತವು ಹೊಟ್ಟೆಯದೋ ಕಣ್ಣಿನದೋ ಪಾದದ್ದೋ ಎಂಬುದರಿಂದ ಆ ಭೇದವು ಹುಟ್ಟುವದಿಲ್ಲ. ಕುಣಿಯುವವನ ಹೆಸರನ್ನು ಹೇಳಿದರೆ? ಅವನ ಗುರು ಯಾರು, ದೇಶ ಯಾವದು ಎಂದು ಪ್ರೇಕ್ಷಕನಿಗೆ ತಿಳಿಸಿದರೆ? ಅವನ ವಾದ್ಯಗಾರರು ಅವನ ಬಗಲಿಗೇ ಕೂತಿದ್ದರೆ? ರಾಮಗೋಪಾಲರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರಾಗಿದ್ದರು. ಪರದೇಶದ ಪ್ರಯೋಗಗಳಿಗೆ ಇಲ್ಲಿಯ ವಾದ್ಯಗಾರರನ್ನು ಕರೆದೊಯ್ಯುತ್ತಿದ್ದರು. ಉಡಿಗೆತೊಡಿಗೆಗಳಲ್ಲಿ, ದೀಪದ ಬೆಳಕಿನಲ್ಲಿ ಅರೆಕೊರೆಯನ್ನು ಸಹಿಸುತ್ತಿರಲಿಲ್ಲ. ಈ ಅಳತೆಯನ್ನು ನಮ್ಮ ಪೇಟೆಯ ರಂಗಕ್ಕೂ ಹಚ್ಚಿ ನೋಡಬಹುದು. ಇಜಿಪ್ತದ ಕುಣಿತವನ್ನು ಗುರುವಿನಿಂದ ಕಲಿತು, ಅದರ ತಾಳಕ್ಕೆ ಸರಿಯಾಗಿ ಕುಣಿಯುವ ಹುಡುಗಿಗೂ, ಭರತನಾಟ್ಯವನ್ನು ಅರೆಬರೆ ಕಲಿತು ಯಂತ್ರದ ಹಾಡಿಗೆ ಕೈ ಬೀಸುವವಳಿಗೂ ಯಾರು ಮೇಲೆಂದು ಕೇಳಿದರೆ ನಮ್ಮ ಉತ್ತರವು ಸಿದ್ಧವಾಗಿದೆ. ಅದು ನಮ್ಮ ಕೆಲವು ಹಿರಿಯ ಮಿತ್ರರಿಗೆ ಹಿಡಿಸಲಾರದು.

ರಾಮಗೋಪಾಲರ ಮೇಲೆಯೂ ಟೀಕೆಗಳಿದ್ದವು, ಅವುಗಳಲ್ಲಿ ಒಂದಿಷ್ಟು ಹುರುಳಿರಲಿಲ್ಲವೆಂದು ಹೇಳಲಾರೆವು. ಮುಕ್ಕಾಲು ತಾಸು, ಒಂದು ತಾಸು ನಡೆಯಬೇಕಾದ ವರ್ಣವನ್ನು ಅವರು ಪರದೇಶದಲ್ಲಿ ಚಿಕ್ಕದಾಗಿ ಕತ್ತರಿಸುತ್ತಿದ್ದರು. ರಾತ್ರಿಯಿಡೀ ಆಡುವ ಕಥಕಳಿಯನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಿದ್ದರು. ಗರುಡ ನೃತ್ಯ, ಮುಳುಗುವ ಸೂರ್ಯನ ನೃತ್ಯ ಮುಂತಾದ ಅವರ ಸ್ವಂತ ರಚನೆಗಳು ಬಿಡಿಬಿಡಿಯಾದ ಚಿಕ್ಕ ಚಿತ್ರಗಳಂತೆ ಇದ್ದವು. ಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕಾಲವನ್ನು ಕತ್ತರಿಸುವದು ಬೇರೆ, ವ್ಯಾಕರಣವನ್ನು ಮುರಿಯುವದು ಬೇರೆ. ಹರಿದಾಸನು ಮೂರು ದಿನದ ಕಥೆಯನ್ನು ಮೂರು ತಾಸಿನಲ್ಲಿ ಹೇಳಿದರೆ ಕೀರ್ತನೆಯು ಕೆಡುವದಿಲ್ಲ; ಪದ ತಪ್ಪಿದರೆ ಕೆಡುತ್ತದೆ. ಮೂಲದ ವರ್ಣವನ್ನು ಪೂರ್ತಿಯಾಗಿ ಬಲ್ಲವನು ಮಾತ್ರ ಎಲ್ಲಿ ಕತ್ತರಿಸಬೇಕೆಂಬುದನ್ನು ಬಲ್ಲನು. ಇಂದು ರಂಗದ ಮೇಲೆ ಐದು ನಿಮಿಷಗಳ ಅವಕಾಶವನ್ನು ಪಡೆಯುವ ಮಕ್ಕಳಲ್ಲಿ ಅನೇಕರು ಮೂಲವನ್ನು ಕಲಿಯದೆ ತುಣುಕನ್ನೇ ಕಲಿತವರೆಂಬುದು ನಮ್ಮ ತಕರಾರು.

ಮುಂದಿನ ವರ್ಷಗಳ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1956ರ ಎಡಿನ್‌ಬರೋ ಉತ್ಸವದಲ್ಲಿ ತಾಜಮಹಲಿನ ಕಥೆಯನ್ನು ನೃತ್ಯರೂಪದಲ್ಲಿ ಆಡಿದರು. 1957ರಲ್ಲಿ ರಿದಮ್ ಇನ್ ದಿ ಹೆವನ್ಸ್ ಎಂಬ ಆತ್ಮಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು; ಕನ್ನಡ ನಾಡಿನಲ್ಲಿ ಹುಟ್ಟಿದವರ ಆತ್ಮಚರಿತ್ರೆಯನ್ನು ಕನ್ನಡಿಗರು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದುದು ವಿಷಾದದ ಸಂಗತಿ. ನಾಲ್ಕಾರು ಸಿನೇಮಾಗಳಲ್ಲಿಯೂ ಕಾಣಿಸಿಕೊಂಡರು. ಅವುಗಳಿಂದ ಅವರ ಕೀರ್ತಿಯು ಹೆಚ್ಚಿತೆಂದು ನಾವು ತಿಳಿಯುವದಿಲ್ಲ. 1960ರಲ್ಲಿ ಇಂಗ್ಲಂಡದ ಹೆಸರಾಂತ ಬ್ಯಾಲೆ ನರ್ತಕಿ ಅಲಿಶಿಯಾ ಮಾರ್ಕೋವಾ ಅವರು ರಾಧೆಯಾಗಿ, ಇವರು ಕೃಷ್ಣನಾಗಿ ಲಂಡನ್ನಿನಲ್ಲಿ ಜೊತೆಯಾಗಿ ನರ್ತಿಸಿದರು. ಬ್ಯಾಲೆಯವಳು ನಮ್ಮ ಮುದ್ರೆಗಳನ್ನು ಕಲಿಯಲು ನಮ್ಮವರ ಹತ್ತಿರ ಬಂದಳು, ನಮ್ಮವರು ಬ್ಯಾಲೆಯನ್ನು ಕಲಿಯಲು ಹೋಗಲಿಲ್ಲ. ಇದರಲ್ಲಿ ನಮಗೆ ಹೆಮ್ಮೆಯಿದ್ದರೆ ವಾಚಕರು ಕ್ಷಮಿಸಬೇಕು. 1960ರ ದಶಕದಲ್ಲಿ ಲಂಡನ್ನಿನಲ್ಲಿ ತೆರೆದ ಅವರ ನೃತ್ಯಶಾಲೆಯು ಬಹುಕಾಲ ಬಾಳಲಿಲ್ಲ.

ಆಮೇಲಿನದು ದೀರ್ಘವಾದ ಸಂಜೆ. ನರ್ತಕನ ಆಯುಷ್ಯದಲ್ಲಿ ಶರೀರವು ಮೊದಲು ಮುಪ್ಪಾಗುತ್ತದೆ, ಹೆಸರು ಅನಂತರ. ಗಾಯಕನಿಗೆ ಧ್ವನಿಮುದ್ರಿಕೆಗಳಿವೆ, ಕವಿಗೆ ಪುಸ್ತಕಗಳಿವೆ; ಅಂದಿನ ನರ್ತಕನಿಗೆ ಉಳಿಯುವದು ಕೆಲವು ಛಾಯಾಚಿತ್ರಗಳೂ ನೋಡಿದವರ ನೆನಪೂ ಮಾತ್ರ. ನೋಡಿದವರು ಒಬ್ಬೊಬ್ಬರಾಗಿ ತೀರಿಹೋಗುತ್ತಾರೆ. ರಾಮಗೋಪಾಲರ ಪ್ರೇಕ್ಷಕರಲ್ಲಿ ಹೆಚ್ಚಿನವರು ಪರದೇಶದವರಾದುದರಿಂದ ನಮ್ಮಲ್ಲಿ ಆ ನೆನಪು ಮೊದಲಿನಿಂದಲೂ ತೆಳುವಾಗಿತ್ತು. ಒಬ್ಬನು ಹೊರದೇಶದಲ್ಲಿ ಗೆದ್ದನೆಂದು ಕೇಳಿ ಹಿಗ್ಗುವ ನಮ್ಮ ಜನರು ಅವನು ಮರಳಿ ಬಂದರೆ ನಿಲ್ಲಲು ಒಂದು ಶಾಲೆಯನ್ನಾದರೂ ಉಳಿಸಿಕೊಡುವದಿಲ್ಲ. ಸಂಗೀತ ನಾಟಕ ಅಕಾಡೆಮಿಯು ತನ್ನ ಫೆಲೋ ಪದವಿಯನ್ನು ಅವರಿಗೆ ಕೊಟ್ಟದ್ದು 1990ರಲ್ಲಿ. ಆಗ ಅವರಿಗೆ ಎಪ್ಪತ್ತೆಂಟರ ವಯಸ್ಸು, ಹೊರದೇಶದಲ್ಲಿ ಹೆಸರಾಗಿ ಐವತ್ತು ವರ್ಷಗಳು ಕಳೆದಿದ್ದವು. ಇಂಗ್ಲಂಡದ ಸರಕಾರವು 1999ರಲ್ಲಿ ಓ. ಬಿ. ಇ. ಪದವಿಯನ್ನಿತ್ತಿತು.

2003ನೆಯ ಇಸವಿ ಅಕ್ಟೋಬರ 12ನೆಯ ದಿನ ರಾಮಗೋಪಾಲರು ಇಂಗ್ಲಂಡದಲ್ಲಿ ತೀರಿಕೊಂಡರು. ತೊಂಬತ್ತು ತುಂಬಿ ತೊಂಬತ್ತೊಂದನೆಯ ವರ್ಷವು ಮುಗಿಯುತ್ತ ಬಂದಿತ್ತು. ಅವರಿಗೆ ಮೊದಲು ಆಸರೆಯಾದ ಮೈಸೂರ ಯುವರಾಜರು ಕಾಲವಾಗಿ ಆಗ ಅರುವತ್ತಮೂರು ವರ್ಷಗಳಾಗಿದ್ದವು.